ಈರಣ್ಣನ ಅಳತೆ

ಈರಣ್ಣ ಚಹಾಕ್ಕೆ ಹಾಲು ಹಾಕುವಾಗಲೂ ಮಂಡಿಯೂರುತ್ತಿದ್ದ. ಅಳತೆಯ ಲೋಟವನ್ನು ಅಡುಗೆಕಟ್ಟೆಯ ಮೇಲಿಟ್ಟು, ಗೆರೆಯ ಮಟ್ಟಕ್ಕೆ ಕಣ್ಣು ಬರುವ ತನಕ ಬಗ್ಗಿ, ಉಸಿರು ಹಿಡಿದು ನೋಡುತ್ತಿದ್ದ. "ಮ್ಯಾಲಿಂದ ನೋಡಿದ್ರ ಗೆರಿ ಸುಳ್ಳ ಹೇಳ್ತೈತ್ರಿ ಅಕ್ಕಾರ" ಎನ್ನುತ್ತಿದ್ದ.

ಪರದೇಶದಲ್ಲಿ, ಹೌಗಾಂಗ್‌ನ ನಮ್ಮ ಫ್ಲ್ಯಾಟಿನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವನು. ಊರು ಬಾಗಲಕೋಟೆ ಕಡೆ, ಪಾಸಿರ್ ಪಂಜಾಂಗ್‌ನ ಕಂಟೇನರ್ ಬಂದರಿನಲ್ಲಿ ಶಿಫ್ಟ್ ಕೆಲಸ. ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಹನಿ ನೀರು ಕುಡಿಯುತ್ತಿರಲಿಲ್ಲ. ಹೇಳದೆಯೇ ನಮ್ಮ ಒಣಗಿದ ಬಟ್ಟೆ ಮಡಚಿಡುತ್ತಿದ್ದ, ನನ್ನ ಮಗಳು ನಿಧಿಗೆ ಗಣಿತ ಹೇಳಿಕೊಡುತ್ತಿದ್ದ. ನಾನು ಸಾರಿಗೆ ಉಪ್ಪು ಹಾಕುವುದನ್ನು ಕಂಡರೆ ಮಾತ್ರ ಅವನಿಗೆ ನಗು. "ಕೈಲೆ ಹಾಕ್ತೀರಿ. ನಿಮ್ಮ ಕೈ ದಿನಾ ಒಂದ ಇರ್ತೈತೇನ್ರಿ?"

"ತಿನ್ನೋವಾಗ ಗೊತ್ತಾಗಲ್ವಲ್ಲ, ಸುಮ್ನೆ ತಿನ್ನು" ಎನ್ನುತ್ತಿದ್ದೆ.

ಒಂದು ರಜೆಯ ಮಧ್ಯಾಹ್ನ ನಾನು ಕೇಕಿಗೆ ಇಟ್ಟುಕೊಂಡಿದ್ದ ಸಣ್ಣ ಡಿಜಿಟಲ್ ತಕ್ಕಡಿ ಕೇಳಿ ಇಸಿದುಕೊಂಡ. ಕಟ್ಟೆಯ ಮೇಲೆ ಪುಟ್ಟ ಬಾಟಲಿಗಳು, ಸೂಜಿಯಿಲ್ಲದ ಸಿರಿಂಜುಗಳು. ಬಾಟಲಿಯ ರಸವನ್ನು ಒಮ್ಮೆ ಸಿರಿಂಜಿನಲ್ಲಿ ಅಳೆದ, ಒಮ್ಮೆ ತೂಗಿದ. ಕೋಣೆಗೆ ಇಡುವ ಸುಗಂಧವಿರಬೇಕೆಂದು ನಾನು ಅವರೆಕಾಯಿ ಬಿಡಿಸುತ್ತ ನೋಡುತ್ತಿದ್ದೆ. ಏಲಕ್ಕಿಯ ವಾಸನೆ ಬರುತ್ತಿತ್ತು.

"ಇದು ಜೇನಿನಂಗ ದಪ್ಪ ಐತ್ರಿ. ಸಿರಿಂಜಿನ್ಯಾಗ ಎಳದ್ರ ಗ್ವಾಡಿಗೆ ಅಂಟಿಕೊಂಡು ಕುಂಡರ್ತೈತಿ. ಗೆರಿ ಒಂದ ಹೇಳ್ತೈತಿ, ಬಾಟ್ಲಿಗೆ ಬೀಳೂದು ಇನ್ನೊಂದು."

"ಹನಿ ಎಣಿಸಿದ್ರೆ?"

"ಹನಿ ಎಲ್ಲಾ ಒಂದ ಗಾತ್ರ ಇರ್ತಾವೇನ್ರಿ? ತೆಳ್ಳಂದರ ಹನಿ ಬ್ಯಾರೆ, ದಪ್ಪಂದರ ಹನಿ ಬ್ಯಾರೆ. ತಕ್ಕಡಿನ ಖರೆ. ಬಾಟ್ಲಿ ಇಡೂದು, ಸೊನ್ನಿ ಮಾಡೂದು, ಬಿಡೂದು. ಎಷ್ಟ ಬಿತ್ತೋ ಅಷ್ಟ ಹೇಳ್ತೈತಿ."

ಅಷ್ಟರಲ್ಲಿ ಶಾಲೆಯ ಪ್ರಾಜೆಕ್ಟ್ ಮುಗಿಸಿ ಬಂದ ನಿಧಿ ಬಾಗಿಲಲ್ಲೇ ನಿಂತಳು. "ಅಮ್ಮಾ, ದಟ್ ಈಸ್ ವೇಪ್ ಜ್ಯೂಸ್ ಲಾ. ಸ್ಕೂಲಲ್ಲಿ ತೋರ್ಸಿದಾರೆ. ನಿಕೊಟಿನ್ ಇರತ್ತೆ, ಕುಡಿದ್ರೆ ಪಾಯ್ಸನ್. ಪೊಲೀಸ್ ಬರ್ತಾರೆ."

ಈರಣ್ಣ ತಲೆ ತಗ್ಗಿಸಿ, "ಸಿಗರೇಟ್ ಬಿಡಾಕ ಮಾಡ್ಕೊಂಡೀನ್ರಿ ಅಕ್ಕಾರ" ಎಂದ.

ಅಂದಿನಿಂದ ನನ್ನ ಎದೆಯಲ್ಲಿ ಭಯ ಮನೆ ಮಾಡಿತು. ವೇಪ್ ಎಂಬ ಇ-ಸಿಗರೇಟಿನ ನಿಷೇಧದ ಭಿತ್ತಿಪತ್ರ ನಮ್ಮ ಲಿಫ್ಟಿನ ಪಕ್ಕದಲ್ಲೇ ಅಂಟಿತ್ತು. ಫ್ಲ್ಯಾಟು ನಮ್ಮ ಹೆಸರಿನದು. ಬೆಲ್ ಆದರೆ ಒಗ್ಗರಣೆ ಸೌಟು ಕೈಯಲ್ಲೇ ನಿಲ್ಲುತ್ತಿತ್ತು. ಕಟ್ಟಡದಡಿಯ ತೆರೆದ ವಾಯ್ಡ್ ಡೆಕ್ಕಿನಲ್ಲಿ ಸಮವಸ್ತ್ರದವರನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆ. ಎಲ್ಲವನ್ನೂ ಎಸೆಯಲು ಹೇಳಿದೆ. ನನ್ನೆದುರಿಗೇ ಸಿರಿಂಜುಗಳನ್ನೂ ಬಾಟಲಿಗಳನ್ನೂ ಕಸದ ಕೊಳವೆಗೆ ಹಾಕಿದ. "ಎಲ್ಲಾ ಹೋತ್ರಿ" ಎಂದ. ನಂಬಿದೆ.

ನಿಧಿಯ ದೊಡ್ಡ ಪರೀಕ್ಷೆಯ ಬೆಳಿಗ್ಗೆ. ನಮ್ಮಲ್ಲಿ ಒಳ್ಳೆಯ ಕೆಲಸಕ್ಕೆ ಹೊರಡುವವರ ಬಾಯಿಗೆ ಕೂಡಲಸಂಗಮದಿಂದ ತಂದ ನೀರನ್ನು ಒಂದು ಚಮಚ ಹಾಕಿಯೇ ಕಳಿಸುವುದು. ಆ ನೀರು ದೇವರ ಜಗಲಿಯ ಹಿಂದೆ, ಪುಟ್ಟ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಇರುತ್ತದೆ. ಕೈಗೆ ಸಿಕ್ಕಿದ್ದನ್ನು ಬಗ್ಗಿಸಿದೆ. ಏಲಕ್ಕಿ ಘಮ ಬಂತು. ಊರಿನಿಂದ ನೀರು ಕಳಿಸುವ ಅತ್ತೆ ಏಲಕ್ಕಿ ಹಾಕಿರಬೇಕು ಅಂದುಕೊಂಡೆ.

"ಅಮ್ಮಾ, ಫಾಸ್ಟ್, ಬಸ್ ಹೋಗತ್ತೆ" ಎಂದು ನಿಧಿ ಬಾಯಿ ತೆರೆದಳು.

ಚಮಚ ಅವಳ ತುಟಿಯ ಹತ್ತಿರ ಹೋಗಿತ್ತು. ತುಸು ವಾಲಿತು. ನೀರಾಗಿದ್ದರೆ ತುಳುಕಬೇಕಿತ್ತು. ಅದು ತುಳುಕಲಿಲ್ಲ; ನಿಧಾನಕ್ಕೆ ಸರಿದು ಅಂಚಿಗೆ ಅಂಟಿಕೊಂಡು ಕುಳಿತಿತು.

ಗ್ವಾಡಿಗೆ ಅಂಟಿಕೊಂಡು ಕುಂಡರ್ತೈತಿ.

ಕೈ ಹಿಂದಕ್ಕೆಳೆದುಕೊಂಡೆ. ರಸ ನನ್ನ ಸೀರೆಯ ಮೇಲೆ ಚೆಲ್ಲಿತು. "ವಾಟ್ ಹ್ಯಾಪನ್ಡ್?" ಎಂದಳು. ನೀರು ಹಳೆಯದಾಗಿದೆ ಎಂದು ಹೇಳಿ ಕಳಿಸಿಕೊಟ್ಟೆ. ಆಮೇಲೆ ಕೈ ತೊಳೆದೆ, ತೊಳೆದೆ, ಮತ್ತೆ ತೊಳೆದೆ.

ಶಿಫ್ಟ್ ಮುಗಿಸಿ ಬಂದ ಈರಣ್ಣನ ಮುಂದೆ ಬಾಟಲಿ ಇಟ್ಟು ನಡೆದದ್ದು ಹೇಳಿದೆ. ನೆಲದ ಮೇಲೆ ಕುಸಿದು ಕೂತ. "ಒಂದ ಬಾಟ್ಲಿ ಒಗ್ಯಾಕ ಮನಸ ಬರಲಿಲ್ರಿ. ದೇವರ ಹಿಂದ ಯಾರೂ ಹುಡುಕಂಗಿಲ್ಲ ಅಂತ ಇಟ್ಟಿದ್ನಿ." ಬಾಟಲಿ ಕೈಗೆತ್ತಿಕೊಂಡು ಕೇಳಿದ: "ಚಮಚದಾಗ ಎಷ್ಟ ಇತ್ರಿ?"

"ತುಂಬ ಇತ್ತು."

ಅವನ ತುಟಿಗಳು ಲೆಕ್ಕ ಹಾಕುವಾಗಿನಂತೆ ಅಲುಗಿದವು. "ನಿಧಿ ತೂಕ ಈಗ..." ಎಂದವನು ಅಲ್ಲಿಗೇ ನಿಲ್ಲಿಸಿದ. ಮುಖ ಬೂದಿಯಾಗಿತ್ತು.

ನಾನು ಹೋಗೆನ್ನುವ ಮೊದಲೇ ಬೇರೆ ಕೋಣೆ ನೋಡಿಕೊಂಡ. ಹೊರಡುವ ದಿನ ಚಹಾ ಕುಡಿದು ಹೋಗು ಎಂದೆ. ನಿಂತುಕೊಂಡೇ, ಎತ್ತಲೋ ನೋಡುತ್ತ ಹಾಲು ಬಗ್ಗಿಸಿದ. ಅದು ಲೋಟ ಮೀರಿ ಕಟ್ಟೆಯ ಮೇಲೆ ಹರಿಯಿತು. ಅಂಗೈಯಿಂದ ಒರೆಸಿ, ಚಹಾ ಹಾಗೇ ಬಿಟ್ಟು, "ಬರ್ತೀನ್ರಿ ಅಕ್ಕಾರ" ಎಂದ. ಮತ್ತೆ ಬರಲಿಲ್ಲ. ಫೋನ್ ನಂಬರೂ ಬದಲಾಗಿದೆ.

ಗಣಿತ ಅರ್ಥವಾಗದಿದ್ದಾಗ ನಿಧಿ ಇವತ್ತಿಗೂ "ಈರಣ್ಣ ಅಂಕಲ್ ಇದ್ದಿದ್ರೆ" ಎನ್ನುತ್ತಾಳೆ. ನಾನು ಸಂಗಮದ ನೀರನ್ನು ಚಮಚಕ್ಕೆ ಹಾಕಿ, ಮಂಡಿಯೂರಿ, ಕಣ್ಣ ಮಟ್ಟಕ್ಕೆ ಹಿಡಿದು ವಾಲಿಸಿ ನೋಡುತ್ತೇನೆ. ಅದು ನೀರಿನಂತೆಯೇ ತುಳುಕುತ್ತದೆ. ಆದರೂ ಮೊದಲು ನನ್ನ ನಾಲಿಗೆಗೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಕಾಯುತ್ತೇನೆ. ನಿಧಿ ಬಾಯಿ ತೆರೆದುಕೊಂಡು ನಿಂತಿರುತ್ತಾಳೆ.