ಫೈಲಿನೊಳಗೆ ಬೆರೆತ ನೀರು

ನನ್ನ ಹಾಲಿಗೆ ನೀರು ಬೆರೆತದ್ದು ಕ್ಯಾನಿನಲ್ಲಲ್ಲ, ಡೈರಿಯ ಕಂಪ್ಯೂಟರಿನಲ್ಲಿ. ನಡೆದದ್ದು ಇಷ್ಟೇ. ಮಿಕ್ಕಿದ್ದೆಲ್ಲ ಜನ ಆಡಿಕೊಂಡದ್ದು.

ಈಗ ಯಾಕೆ ಈ ಮಾತು ತೆಗೆದೆ ಅಂದರೆ, ಇವತ್ತು ಸೊಸೆ ಬಚ್ಚಲಲ್ಲಿ ಕೂತು ಹಾಲಿನ ಕ್ಯಾನು ತೊಳೆಯಲು ಬಿಸಿನೀರಿಗೆ ಸೋಡಾಪುಡಿ ಹಾಕಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡೈರಿಯ ಕೆಂಪಯ್ಯ ಕಣ್ಣಮುಂದೆ ಬಂದು ನಿಂತ. ವಾಸನೆಯಿಂದ ಕೆಲವರಿಗೆ ತವರುಮನೆ ನೆನಪಾಗುತ್ತದಂತೆ. ನನಗೆ ನೆನಪಾಗೋದು ಮಿಷನ್ನು ತೊಳೆಯುವ ಕೆಂಪಯ್ಯ. ಯಾರ ಹಣೆಬರಹಕ್ಕೆ ಯಾರು ಹೊಣೆ?

ನಮ್ಮೂರು ಹೊಂಗನೂರಿಂದ ಒಸಿ ಆಚೆ. ಚನ್ನಪಟ್ಟಣದ ಬಸ್ಸು ಬರುತ್ತದೆ, ಬರದಿದ್ದರೆ ನಡೆಯುತ್ತೇವೆ. ಮನೆಮನೆಯಲ್ಲೂ ಹಸು, ಮನೆಮನೆಯಲ್ಲೂ ರೇಷ್ಮೆಹುಳು. ಎರಡನ್ನೂ ಒಟ್ಟಿಗೆ ಸಾಕಿ ನೋಡಿ, ಆಗ ತಿಳಿಯುತ್ತದೆ. ಹಸು ಒರಟು, ಎರಡು ಮಾತು ಬೈದರೂ ಹಾಲು ಕೊಡುತ್ತದೆ. ಹುಳು ಹಂಗಲ್ಲ, ಮಹಾರಾಜನ ಮಗ. ಹುಳುಮನೆಗೆ ಸಗಣಿ ಮೆಟ್ಟಿದ ಕಾಲಲ್ಲಿ ಹೋಗಬಾರದು, ಹಾಲು ಕರೆದ ಕೈಯಲ್ಲಿ ಸೊಪ್ಪು ಹಾಕಬಾರದು. ಅದಕ್ಕೇ ನಮ್ಮನೆಯಲ್ಲಿ ನನ್ನ ಅತ್ತೆಯ ಕಾಲದಿಂದಲೂ ಒಂದೇ ಕ್ರಮ. ಎದ್ದು ಕೈಕಾಲು ತೊಳೆದು ಮೊದಲು ಹುಳಕ್ಕೆ ಸೊಪ್ಪು, ಆಮೇಲೆ ಕೊಟ್ಟಿಗೆ. ಹಾಗಾಗಿ ಡೈರಿಗೆ ಎಲ್ಲರಿಗಿಂತ ಕೊನೆಗೆ ಹೋಗುವವಳು ನಾನೇ. ಹೆಂಗಸರೆಲ್ಲ ಹಾಲು ಹುಯ್ದು, ಸೊಸೆಯಂದಿರನ್ನು ಬೈದು, ಮನೆ ಸೇರಿದ ಮೇಲೆ ನನ್ನ ಸವಾರಿ.

ಡೈರಿಯಲ್ಲಿ ಎರಡು ಕಿಟಕಿ, ಗಂಡಸರಿಗೊಂದು, ಹೆಂಗಸರಿಗೊಂದು. ಒಂದೇ ಸಾಲಿದ್ದಾಗ ಗಂಡಸರು ನಡುವೆ ನುಗ್ಗುತ್ತಿದ್ದರು. ನಾನೇ ಜಗಳವಾಡಿ ಎರಡು ಮಾಡಿಸಿದ್ದು. ಒಂದೊಂದು ಕಿಟಕಿಗೂ ಒಂದು ತಕ್ಕಡಿ, ಹಾಲಿನ ಕೊಬ್ಬಿನ ಫ್ಯಾಟು, ಗಟ್ಟಿತನದ ಡಿಗ್ರಿ ನೋಡುವ ಒಂದು ಮಿಷನ್ನು, ಒಂದು ಕಂಪ್ಯೂಟರು. ಎರಡು ಕಂಪ್ಯೂಟರೂ ತಂತಿಯಲ್ಲಿ ಹೋಗಿ ಸೆಕ್ರೆಟರಿ ಶಿವಣ್ಣನ ಕೋಣೆಯಲ್ಲಿರುವ ಮೂರನೆಯದರಲ್ಲಿ ಒಂದೇ ಫೈಲಿಗೆ ಬರೆಯುತ್ತವೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದದ್ದು ಕೀಂ ಅನ್ನುವ ಸದ್ದೊಂದೇ. ಕೀಂ ಅಂದರೆ ಕ್ಯಾನು ಎತ್ತಬೇಕು.

ಒಂದು ಬೆಳಿಗ್ಗೆ ಕೀಂ ಅಂದಿತು. ಕ್ಯಾನು ಎತ್ತಿದೆ. ಶಿವಣ್ಣ ಒಳಗಿನಿಂದ ಬಂದ.

"ಅಜ್ಜಿ, ಹಸೀಗೆ ನೀರು ಕುಡ್ಸಿ, ಕ್ಯಾನಿಗೆ ಕುಡುಸ್ಬೇಡಿ."

ಗಂಡಸರು ಇನ್ನೂ ಅಲ್ಲೇ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದರು. ನಕ್ಕರು. ಏನೋ ಹೇಳಲು ಮರೆತು ಹೋಗಿದ್ದ ನಿಂಗಮ್ಮ ವಾಪಸ್ಸು ಬಂದಿದ್ದಳು, ಅವಳೂ ನಕ್ಕಳು. ನಾನು ಮೊದಲು ತಮಾಷೆ ಅಂದುಕೊಂಡೆ. ಚೀಟಿ ತೋರಿಸಿದ. ನನ್ನ ನಂಬರು, ನನ್ನ ಲೀಟರು. ಫ್ಯಾಟೂ ಇಲ್ಲ, ಡಿಗ್ರೀನೂ ಇಲ್ಲ. ಬಾವಿಯಿಂದ ಈಗ ತಾನೇ ಸೇದಿ ತಂದ ಹಾಗೆ.

"ಲೇ ಶಿವಣ್ಣ, ಪೂರ್ತಿ ನೀರು ತಂದು ಹುಯ್ಯೋಕೆ ನಂಗೇನು ತಲೆ ಕೆಟ್ಟೈತಾ? ಬೆರೆಸೋಳು ಒಸಿ ಬೆರೆಸ್ತಾಳೆ ಕಣ್ಲಾ."

"ಓಹೋ, ಲೆಕ್ಕಾಚಾರ ಎಲ್ಲಾ ಗೊತ್ತೈತಲ್ಲ ಅಜ್ಜಿಗೆ!" ಅಂದಳು ನಿಂಗಮ್ಮ.

ನೋಡಿ, ಬಾಯಿ ಇದ್ದವರ ಕಷ್ಟ ಇದು. ನಿಜ ಹೇಳಿದರೆ ಅದೂ ನಮ್ಮ ಮೇಲೇ ಬೀಳುತ್ತದೆ.

ಅದು ಒಂದು ದಿನಕ್ಕೆ ನಿಲ್ಲಲಿಲ್ಲ. ನಾಲ್ಕು ದಿನ ಸರಿ ಇರುವುದು, ಮತ್ತೆ ನೀರು. ವಾರ ಸರಿ, ಮತ್ತೆ ನೀರು. ಬೇರೆ ಯಾರಿಗೂ ಇಲ್ಲ, ನನಗೊಬ್ಬಳಿಗೇ. ಕೊನೆಗೆ ಡೈರಿಯವರು ಕೂತು ತೀರ್ಮಾನ ಮಾಡಿದರು: ಎಲ್ಲರ ಮುಂದೆ ತಪ್ಪಾಯಿತು ಅಂದರೆ ಹಾಲು ತಗೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ. ಸೊಸೆ ರಾತ್ರಿ ಉಣ್ಣುವಾಗ ಮೆಲ್ಲಗೆ, "ಒಂದ್ಮಾತು ಅಂದ್ಬುಡಿ ಅತ್ತೆ, ಏನು ಸವೆದೋಗ್ತದೆ?" ಅಂದಳು.

"ನೀನು ಅನ್ನು. ನನ್ನ ನಾಲಿಗೆ ತಿರುಗಾಕಿಲ್ಲ."

ಅವಳು ಒಳ್ಳೆಯವಳೇ. ಆದರೆ ಒಳ್ಳೆಯವರ ಕೈಲಿ ಇಂಥ ಕೆಲಸ ಆಗುವುದಿಲ್ಲ. ಹಾಲೆಲ್ಲ ಮಜ್ಜಿಗೆಯಾಯಿತು, ಬೆಣ್ಣೆಯಾಯಿತು, ಕರು ಕುಡಿದು ಕುಡಿದು ಮಠದ ಸ್ವಾಮಿಯ ಹಾಗೆ ದುಂಡಗಾಯಿತು. ನಾನು ಮಾತ್ರ ದಿನಾ ಡೈರಿಗೆ ಬರೀಗೈಯಲ್ಲಿ ಹೋಗಿ, "ಮಿಷನ್ನು ರಿಪೇರಿ ಮಾಡೋರ ಕರ್ಸು, ನನ್ನ ಹಾಲು ಅವರ ಮುಂದೆ ಅಳೆ" ಅಂತ ಕೂಗಿ ಬರುತ್ತಿದ್ದೆ. ನನ್ನ ಗಂಟಲು ಸಣ್ಣದಲ್ಲ. ಕಾಟ ತಡೆಯದೆ ಶಿವಣ್ಣ ಫೋನು ಮಾಡಿದ.

ಬಂದದ್ದು ರಾಮನಗರದ ಹುಡುಗಿ, ನಸ್ರೀನ್ ಅಂತ. ಸ್ಕೂಟರಿನಲ್ಲಿ ಬಂದಳು, ಬೆನ್ನಿಗೊಂದು ಚೀಲ. ಅವಳ ಅಪ್ಪ ರೀಲರ್, ಗೂಡು ಬೇಯಿಸಿ ನೂಲು ತೆಗೆಯುವವರು. ಅಂದರೆ ನಾವು ಬೆಳೆದ ಗೂಡಿನ ಮೇಲೆಯೇ ಬೆಳೆದವಳು. ಆ ಲೆಕ್ಕದಲ್ಲಿ ನಂಟಸ್ತಿಕೆಯೇ.

ಮೊದಲ ದಿನ ಏನಾಯಿತು ಗೊತ್ತಾ? ಪಟ್ಟಣದವರು ಬಂದರೆ ನಮ್ಮ ಜನ ಮದುವೆಮನೆಯವರಾಗಿಬಿಡುತ್ತಾರೆ. ಕುರ್ಚಿ ಹಾಕಿದರು, ಟೀ ತರಿಸಿದರು. ಎಂದೂ ಸಾಲಿನಲ್ಲಿ ನಿಲ್ಲದವರು ಸಾಲಾಗಿ ನಿಂತರು. "ಅಜ್ಜೀನ ಮೊದ್ಲು ಬುಡಿ, ಮೇಡಂ ಕಾಯ್ತಾವ್ರೆ" ಅಂತ ಶಿವಣ್ಣ ನನ್ನನ್ನು ಮುಂದಕ್ಕೆ ತಳ್ಳಿದ. ಅದಕ್ಕೆಂದು ಸೊಸೆಯನ್ನು ಹುಳುಮನೆಗೆ ಬಿಟ್ಟು ನಾನು ಬೇಗ ಬಂದಿದ್ದೆ. ಹುಯ್ದೆ. ಕೀಂ. ಹಾಲು ಗಟ್ಟಿ. ಮಾರನೇ ದಿನವೂ ಅದೇ ಕುರ್ಚಿ, ಅದೇ ಟೀ, ಹಾಲು ಇನ್ನೂ ಗಟ್ಟಿ.

ನನಗೆ ಖುಷಿಯಾಯಿತು. ಆ ಖುಷಿ ಒಂದು ಉಸಿರಿನಷ್ಟು ಹೊತ್ತೂ ಬಾಳಲಿಲ್ಲ.

"ನೋಡುದ್ರಾ ಮೇಡಂ? ಕಾವಲು ಕೂತ್ರೆ ಹಾಲು, ಎದ್ದೋದ್ರೆ ನೀರು. ಮಿಷನ್ನು ಸರಿಯಾಗೇ ಐತೆ" ಅಂದ ಶಿವಣ್ಣ.

ಇಡೀ ಡೈರಿ ತಲೆಯಾಡಿಸಿತು. ಬೇಕು ಬೇಕು ಅಂತ ನಾನೇ ಕೂಗಿ ಕರೆಸಿದ ಪರೀಕ್ಷೆಯೇ ನನ್ನ ಕುತ್ತಿಗೆಗೆ ಬಂದಿತ್ತು.

ನಸ್ರೀನ್ ಮಾತ್ರ ತಲೆಯಾಡಿಸಲಿಲ್ಲ. ಚೀಲ ಕಟ್ಟುತ್ತಾ ಕೇಳಿದಳು: "ಅಜ್ಜಿ, ದಿನಾ ಇಷ್ಟೊತ್ತಿಗೇ ಬರ್ತೀರಾ ನೀವು?"

"ಯಾವಳು ಬತ್ತಾಳೆ ಇಷ್ಟೊತ್ತಿಗೆ? ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಜ್ವರ ಎದ್ದು ಸೊಪ್ಪು ಸೊಪ್ಪು ಅಂತ ಬಡ್ಕೋತಾವೆ. ಅವಕ್ಕೆ ಹಾಕಿ, ಹಾಲು ಕರ್ಕೊಂಡು ನಾನು ಬರೋವೊತ್ಗೆ ಇಲ್ಲಿ ಕಾಗೆ ಕೂತಿರ್ತದೆ."

ಚೀಲ ಬಿಚ್ಚಿದಳು. "ಶಿವಣ್ಣ, ನಾಳೆ ಕುರ್ಚಿ ಬೇಡ, ಟೀ ಬೇಡ. ನಾನು ನಿಮ್ ಕೋಣೇಲಿ ಕದ ಹಾಕ್ಕೊಂಡು ಕೂತಿರ್ತೀನಿ. ನಾನಿಲ್ಲ ಅಂದ್ಕೊಂಡು ನೀವು ಹೆಂಗಿರ್ತೀರೋ ಹಂಗಿರಿ. ಅಜ್ಜಿ, ನೀವು ನಿಮ್ ಹೊತ್ತಿಗೇ ಬನ್ನಿ."

ಮಾರನೇ ದಿನ ನನ್ನ ಹೊತ್ತಿಗೆ ಹೋದೆ. ಗಂಡಸರ ಸಾಲು ಮುಗಿದಿತ್ತು. ಆ ಕಡೆ ಕೆಂಪಯ್ಯ ಎಂದಿನಂತೆ ಮಿಷನ್ನಿಗೆ ಸೋಡಾನೀರು ಕುಡಿಸಿ, ಅದರ ಹಿಂದೆ ಬರೀ ನೀರು ಕುಡಿಸುತ್ತಿದ್ದ. ನಾನು ಈ ಕಡೆ ಹುಯ್ದೆ. ಕೀಂ. ಚೀಟಿ ನೋಡಿದವನೇ ಶಿವಣ್ಣ ಕೈ ಎತ್ತಿದ: "ನೀರು! ನೀರು ಕಣ್ರಪ್ಪಾ!"

ಒಳಗಿನಿಂದ ಆ ಹುಡುಗಿ ಕುಣಿದುಕೊಂಡು ಬಂದಳು, ಬಾಯಿತುಂಬ ನಗು. ನನಗೆ ಉರಿದುಹೋಯಿತು.

"ನೀನೂ ನಗ್ತೀಯೇನೇ?"

"ಅಜ್ಜೀ, ಸಿಕ್ತು! ಇಷ್ಟು ದಿನ ಕಣ್ಣಿಗೇ ಬೀಳ್ತಿರ್ಲಿಲ್ಲ, ಈಗ ಸಿಕ್ತು!"

ಸಿಕ್ಕರೆ ಸಾಲದಂತೆ, ಆ ತಪ್ಪು ಬೇಕೆಂದಾಗ ಮತ್ತೆ ಬರಬೇಕಂತೆ. ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡಳು. ಬರೆಯುವುದಕ್ಕೆ ಮುಂಚೆ ಕಂಪ್ಯೂಟರು ಒಂದು ಗುಟುಕು ನುಂಗುವಷ್ಟು ಹೊತ್ತು ನಿಲ್ಲುವ ಹಾಗೆ ಮಾಡಿದಳು. ಓಡಿಹೋಗಿ ಡಿಕ್ಕಿ ಹೊಡೆಯುವವರನ್ನು ನಿಧಾನವಾಗಿ ನಡೆಸಿದರೆ ಡಿಕ್ಕಿ ಕಣ್ಣಿಗೆ ಕಾಣುತ್ತದಂತೆ. ಆಮೇಲೆ ಕೆಂಪಯ್ಯ ಆ ಕಡೆ ನೀರು ಕುಡಿಸಬೇಕು, ನಾನು ಈ ಕಡೆ ಹಾಲು ಹುಯ್ಯಬೇಕು. ಹುಯ್ದೆ, ನೀರು. ಮತ್ತೆ ಹುಯ್ದೆ, ಮತ್ತೆ ನೀರು. ಅದೇ ಹಾಲನ್ನು ಕೆಂಪಯ್ಯ ಕೈಕಟ್ಟಿ ನಿಂತಾಗ ಹುಯ್ದೆ, ಹಾಲು. ಶಿವಣ್ಣನ ಮುಖ ಸುಣ್ಣವಾಯಿತು. ನಾನು ಅದನ್ನು ಚೆನ್ನಾಗಿ ನೋಡಿಕೊಂಡೆ.

ನಸ್ರೀನ್ ನನ್ನ ಪಕ್ಕ ಕೂತು ಹೇಳಿದಳು: "ಅಜ್ಜಿ, ಗೂಡು ಕಟ್ಟೋಕೆ ಅಂತ ಚಂದ್ರಿಕೇಲಿ ಹಣ್ಣುಹುಳ ಬಿಡುವಾಗ ಎರಡು ಒಂದೇ ಜಾಗಕ್ಕೆ ಬಿದ್ರೆ ಏನಾಯ್ತದೆ?"

"ಜೋಡಿ ಗೂಡು. ಎರಡೂ ಸೇರಿ ಒಂದೇ ಗೂಡು ಕಟ್ತವೆ."

"ನಮ್ಮಪ್ಪ ಅದನ್ನ ಎತ್ತಿ ಬಿಸಾಕ್ತಾರೆ. ಒಂದರ ನೂಲಿಗೆ ಒಂದು ಸಿಕ್ಕಾಕ್ಕೊಂಡು ಬಿಚ್ಚೋಕೇ ಆಗಲ್ಲ. ಇಲ್ಲೂ ಅದೇ. ತೊಳೆಯೋ ನೀರಿನ ಫ್ಯಾಟು, ಡಿಗ್ರೀನೂ ಮಿಷನ್ನು ಬರೀತದೆ, ಯಾರ ನಂಬರಿಗೂ ಸೇರಿಸದೆ. ಎರಡು ಕಂಪ್ಯೂಟರೂ ಒಂದೇ ಸಲ ಫೈಲ್ ನೋಡಿ, ಈ ಸಾಲು ಖಾಲಿ ಐತೆ ಅಂತ ಅಲ್ಲೇ ಬರೆದ್ವು. ನಂಬರು, ಲೀಟರು ನಿಮ್ದು ಉಳೀತು. ಫ್ಯಾಟು, ಡಿಗ್ರಿ ಕೆಂಪಯ್ಯನ ನೀರಿಂದು ಉಳೀತು. ಬೇರೆಯವ್ರದ್ದು ಬೆರೆತ್ರೂ ಹಾಲಿಗೆ ಹಾಲು, ಯಾರ ಕಣ್ಣಿಗೂ ಬೀಳಲ್ಲ; ತೊಳೆಯೋ ಹೊತ್ಗೆ ಬರೋರು ನೀವೊಬ್ರೇ."

"ಒಳಗೆ ಹೋದೋರು ಚಿಲಕ ಹಾಕ್ಕೋಬಾರ್ದಾ?"

"ಚಿಲಕ ಐತೆ ಅಜ್ಜಿ. ಆದ್ರೆ ಅದು ಆ ಒಂದು ಕಂಪ್ಯೂಟರ್ ಒಳಗೆ ಮಾತ್ರ. ತಂತಿ ಆಚೆ ಇರೋದಕ್ಕೆ ಕದ ಹಾಕಿರೋದೇ ಗೊತ್ತಾಗ್ತಿರ್ಲಿಲ್ಲ. ಈಗ ಇಬ್ಬರಿಗೂ ತಿಳಿಯೋ ಚಿಲಕ ಹಾಕ್ತೀನಿ. ಒಬ್ರು ಬರೆದು ಮುಗಿಸೋವರೆಗೂ ಇನ್ನೊಬ್ರು ಕಾಯ್ಬೇಕು."

ಹಾಕಿದಳು. ಆ ಗುಟುಕು ಹೊತ್ತು ನಿಲ್ಲಿಸುವುದನ್ನು ತೆಗೆಯದೆಯೇ ಮತ್ತೆ ಹುಯ್ಯಿಸಿದಳು. ಹಾಲು, ಹಾಲು, ಹಾಲು. ಕೆಂಪಯ್ಯನಿಗೆ ಪಾಪ ನೀರು ಹೊತ್ತು ಸೊಂಟ ಬಿದ್ದಿತ್ತು. ಶಿವಣ್ಣ ಬೇಕೆಂದು ಮಾಡಿದ್ದಲ್ಲ ಅಂತ ಅವಳು ಹೇಳಿದಳು. ಇರಬಹುದು. ಅಷ್ಟು ಸಂತೋಷವಾಗಿ ನೀರು ನೀರು ಅಂತ ಕೂಗಬೇಕಿರಲಿಲ್ಲ. ಹುಡುಗಿಗೆ ಒಂದು ಉಂಡೆ ಬೆಣ್ಣೆ ಎಲೆಯಲ್ಲಿ ಕಟ್ಟಿಕೊಟ್ಟೆ. "ಇಷ್ಟೊಂದಾ?" ಅಂದಳು. "ನಮ್ಮ ಡೈರಿಯೋರ ದಯ" ಅಂದೆ.

ಅವಳು ಹೋದ ಮೇಲೆ ಶಿವಣ್ಣ ನನ್ನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಆಯ್ತು ಬುಡಜ್ಜಿ, ಸರಿಹೋಯ್ತಲ್ಲ. ನಾಳೆಯಿಂದ ಹಾಲು ತಕ್ಕೊಂಬನ್ನಿ" ಅಂದ. ಬೈಯುವಾಗ ಕಟ್ಟೆಯ ಮೇಲಿದ್ದ ಗಂಡಸರಿಗೆಲ್ಲ ಕೇಳಿಸಿದವನು, ಈಗ ಕಿವಿಗೆ ಎಣ್ಣೆ ಬಿಡುವ ಹಾಗೆ ಹೇಳುತ್ತಿದ್ದಾನೆ. ನಾನು ಮಾತಾಡಲಿಲ್ಲ. ಸೊಸೆಗೆ ಅದೇ ಭಯ. ನಾನು ಮಾತಾಡಿದರೆ ಅವಳು ನಿದ್ದೆ ಮಾಡುತ್ತಾಳೆ.

ಮಾರನೇ ಬೆಳಿಗ್ಗೆ ಸೊಸೆಗೆ ಸೊಪ್ಪು ಹಾಕಲು ಹೇಳಿ, ಡೈರಿ ಗಿಜಿಗುಡುವ ಹೊತ್ತಿಗೇ ಹೋದೆ. ಎರಡು ಸಾಲೂ ತುಂಬಿದ್ದವು. ನನ್ನ ಸರದಿ ಬಂತು. ಕ್ಯಾನನ್ನು ತಕ್ಕಡಿಯ ಮೇಲೆ ಮಡಗಿದೆ, ಮುಚ್ಚಳ ತೆಗೆಯಲಿಲ್ಲ. ಅದರ ಮೇಲೆ ಎರಡೂ ಕೈ ಊರಿ ನಿಂತೆ.

"ಹುಯ್ಯಿ ಅಜ್ಜಿ" ಅಂದ ಶಿವಣ್ಣ.

"ಹೇಳು. ಆಮೇಲೆ ಹುಯ್ತೀನಿ."

"ಏನು ಹೇಳ್ಲಿ?"

"ಅವತ್ತು ಹೇಳ್ದಲ್ಲ, ಅಷ್ಟೇ ಜೋರಾಗಿ ಇವತ್ತೂ ಹೇಳು."

ಹಿಂದಿನವರು ಗೊಣಗಿದರು. ಹಾಲಿನ ಲಾರಿ ರಸ್ತೆಯಲ್ಲಿ ನಿಂತು ಒಂದೇ ಸಮನೆ ಹಾರನ್ ಹೊಡೆಯಿತು. ನಿಂಗಮ್ಮ, "ಅಯ್ಯೋ ಬುಡಮ್ಮಾ, ನನ್ನ ಹಾಲು ಒಡೆದೋಗ್ತದೆ" ಅಂದಳು. ಒಡೆಯಲಿ ಅಂದೆ. ಶಿವಣ್ಣ ನೆಲ ನೋಡಿದ, ಲಾರಿ ನೋಡಿದ, ಕೊನೆಗೆ, "ಅಜ್ಜಿ ನೀರು ಬೆರೆಸಿಲ್ಲ, ತಪ್ಪು ನಮ್ದು" ಅಂತ ಬಾಯೊಳಗೇ ಅಂದ.

"ಗಂಡಸರ ಸಾಲಿಗೆ ಕೇಳ್ಲಿಲ್ಲ ಕಣ್ಲಾ."

ಕತ್ತು ಎತ್ತಿ ಕೂಗಿದ. ಕಟ್ಟೆಯ ಮೇಲಿದ್ದವರು ಬೀಡಿ ಕೆಳಗಿಟ್ಟರು. ಆಗ ಮುಚ್ಚಳ ತೆಗೆದು, ಒಂದು ಹನಿಯೂ ಆಚೆ ಚೆಲ್ಲದ ಹಾಗೆ, ನಿಧಾನವಾಗಿ ಹುಯ್ದೆ.