ಹಸಿ ನಾರಿನ ಅಳತೆ

ನಂಜನಗೂಡಿನ ನಮ್ಮ ಮನೆಯ ಅಡಿಗೆಮನೆಗೆ ಒಂದೇ ಒಂದು ಕಿಟಕಿ, ಅದೂ ಹೆಸರಿಗೆ. ನಾನು ಮದುವೆಯಾಗಿ ಬರುವ ಹೊತ್ತಿಗಾಗಲೇ ಅದರ ಮರವನ್ನು ಗೆದ್ದಲು ತಿಂದು ಮುಗಿಸಿತ್ತು. ಸರಳುಗಳು ಉದುರಿದ ಮೇಲೆ ಕೋತಿಗಳು ಒಳಗೆ ನುಗ್ಗಿ ಅನ್ನದ ತಪ್ಪಲೆಗೇ ಕೈ ಹಾಕತೊಡಗಿದ್ದರಿಂದ, ಮಾವನವರು ಬದುಕಿದ್ದಾಗ ಅಡ್ಡಡ್ಡಲಾಗಿ ಹಲಗೆ ಹೊಡೆಸಿಬಿಟ್ಟಿದ್ದರಂತೆ. ಕೋತಿಗಳ ಕಾಟ ತಪ್ಪಿತು, ಹೊಗೆ ಒಳಗೇ ಉಳಿಯಿತು. ಆ ಹೊಗೆಯಲ್ಲಿ ನಮ್ಮ ಅತ್ತೆ ಎಷ್ಟೋ ವರ್ಷ ಒಬ್ಬರೇ ಕೂತು ಅಡಿಗೆ ಮಾಡಿದ್ದರು.

ಅವರ ಕಣ್ಣು ಸದಾ ಕೆಂಪಗೆ, ನೀರು ಸುರಿಸುತ್ತಲೇ ಇರುತ್ತಿತ್ತು. ನಾನು ಬಂದ ಎರಡನೆಯ ವರ್ಷ, ಎದುರಿಗೇ ಇದ್ದ ನೀರಿನ ಕೊಳಗವನ್ನು ಕಾಣದೆ ಎಡವಿ ಬಿದ್ದರು. ಪಂಡಿತರು ಬಂದು ರೆಪ್ಪೆ ಬಿಡಿಸಿ ನೋಡಿದರು. "ಈ ಹೊಗೆಯಲ್ಲೇ ಕೂತಿದ್ದರೆ ನನ್ನ ಔಷಧಿಯಿಂದ ಏನೂ ಆಗಲ್ಲಮ್ಮ. ಮುಂದಿನ ವರ್ಷದ ಹೊತ್ತಿಗೆ ದೃಷ್ಟಿ ಪೂರಾ ಹೋಗುತ್ತೆ" ಎಂದು ಮುಚ್ಚುಮರೆಯಿಲ್ಲದೆ ಹೇಳಿ ಹೋದರು.

ಹೊಸ ಕಿಟಕಿ ಹಾಕಿಸೋಣವೆಂದು ನಮ್ಮ ಯಜಮಾನರು ಅಂದೇ ಹಟ ಹಿಡಿದರು. ಅತ್ತೆಯದು ಅದಕ್ಕಿಂತ ದೊಡ್ಡ ಹಟ. ಅವರು ಮಡಿ ಹೆಂಗಸು. ಬಡಗಿ ಒಳಗೆ ಬರಬೇಕೆಂದರೆ ಒಲೆ ಕದಲಿಸಬೇಕು, ಪಾತ್ರೆ ಪಡಗವನ್ನೆಲ್ಲ ಹೊರಗೆ ಹಾಕಬೇಕು, ಆಮೇಲೆ ಗೋಡೆಗೆ ಸುಣ್ಣ ಬಳಿದು, ನೆಲ ಸಾರಿಸಿ, ಶುದ್ಧಿ ಮಾಡಬೇಕು. ವಾರವೆಲ್ಲ ಮಗ ಗೋಗರೆದ ಮೇಲೆ ಕೊನೆಗೂ ಒಪ್ಪಿದರು. ಆದರೆ ಒಂದು ಷರತ್ತು.

"ಒಂದೇ ಒಂದು ದಿನ ಕಣೋ. ಆ ದಿನ ಕಿಟಕಿ ಕೂತರೆ ಕೂತಿತು. ಇಲ್ಲದಿದ್ದರೆ ಇನ್ನೊಂದು ಸಲ ನನ್ನ ಒಲೆ ಕದಲಿಸೋ ಮಾತು ಎತ್ತಕೂಡದು."

ಅತ್ತೆ ಒಮ್ಮೆ ಆಡಿದ ಮಾತಿಗೆ ತಪ್ಪಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ನರಸೀಪುರದ ವಯಸ್ಸಾದ ಆಚಾರಿಯೊಬ್ಬರ ಬಳಿ ಒಳ್ಳೆಯ ಹಲಸಿನ ಮರವಿತ್ತು. ನಮ್ಮ ದೇವರ ಮಂಟಪವನ್ನು ಮಾಡಿಕೊಟ್ಟವರೂ ಅವರೇ. ಅಳತೆಗೆಂದು ಬಂದವರು ಹಿತ್ತಿಲಲ್ಲಿ ನಿಂತರು. ನಮ್ಮದು ಮೊಳದಗಲದ ಮಣ್ಣಿನ ಗೋಡೆ. ಕಿಟಕಿಯ ಕಂಡಿ ಹೊರಗೆ ಕಿರಿದು, ಒಳಗೆ ಹೋಗುತ್ತಾ ಅಗಲ. ಚೌಕಟ್ಟು ಕೂರುವುದು ಒಳಬದಿಗೆ, ಅಳತೆಯೂ ಒಳಗಿನಿಂದಲೇ ಆಗಬೇಕು. ಆದರೆ ಅಳತೆಯ ದಿನ ಅವರು ಒಳಗೆ ಬರುವಂತಿಲ್ಲ, ಅವರ ಗಜಕಡ್ಡಿಯೂ ಬರುವಂತಿಲ್ಲ. ದೇವರು ಕೂರುವ ಮಂಟಪ ಮಾಡಿದ ಕೈ ಒಲೆ ಪಕ್ಕದ ಗೋಡೆ ಮುಟ್ಟಿದರೆ ಏನಾಗುತ್ತದೆಂಬುದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಆಗ ಬಾಯಿ ಬಿಡುವ ಧೈರ್ಯವಿರಲಿಲ್ಲ, ಅಷ್ಟೆ.

"ನೀನೇ ಅಳೆದುಕೊಡು. ನೂಲು ಬೇಡ, ಮೈಲಿಗೆ. ಬಾಳೆನಾರು ತಗೋ" ಎಂದರು ಅತ್ತೆ.

ಆ ಮನೆಯಲ್ಲಿ ನನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ ಅದು. ಒದ್ದೆ ಸೀರೆಯುಟ್ಟು, ಹಿತ್ತಿಲ ಬಾಳೆಯ ಹಸಿ ಪಟ್ಟೆಯಿಂದ ನಾರು ಸೀಳಿ ತಂದೆ. ಅಗಲಕ್ಕೊಂದು, ಎತ್ತರಕ್ಕೊಂದು, ಕಂಡಿಯ ಅಂಚಿನಿಂದ ಅಂಚಿಗೆ ಬಿಗಿಯಾಗಿ ಹಿಡಿದು ಕತ್ತರಿಸಿದೆ. ಎತ್ತರದ ನಾರಿಗೆ ಗುರುತಿಗೊಂದು ಗಂಟು ಹಾಕಿದೆ. ಹಲಗೆಗಳ ಸಂದಿಯಿಂದ ಎರಡನ್ನೂ ಹೊರಗೆ ಇಳಿಬಿಟ್ಟಾಗ ಆಚಾರಿ ತೆಗೆದುಕೊಂಡರು. ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಅದೇ ಅಳತೆಯ ಇನ್ನೊಂದು ಜೊತೆಯನ್ನು ಸೀಳಿ ಅಡಿಗೆಮನೆಯ ಮೊಳೆಗೆ ನೇತುಹಾಕಿದೆ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ತಪ್ಪು ನನ್ನದಲ್ಲವೆಂದು ತೋರಿಸಲು ಇರಲಿ ಎಂದು.

ಎಂಟು ದಿನ ಕಳೆದ ಮೇಲೆ, ಅದೇ ಜಂಬದಲ್ಲಿ, ಆ ನಾರನ್ನು ತೆಗೆದು ಕಂಡಿಗೆ ಹಿಡಿದು ನೋಡಿದೆ. ಮೂರು ಬೆರಳು ಕಡಿಮೆ. ಎಳೆದು ಹಿಡಿದೆ, ಆಗಲೂ ಕಡಿಮೆ. ಪಟ್ಟೆ ಒಣಗಿ ಕುಗ್ಗಿತ್ತು. ನರಸೀಪುರದಲ್ಲಿರುವ ಜೊತೆಯೂ ಹೀಗೇ ಕುಗ್ಗಿರುತ್ತದೆ, ಆಚಾರಿ ಅದರಂತೆಯೇ ಮರ ಕೊಯ್ಯುತ್ತಾರೆ, ಕಿಟಕಿ ಕೂರುವುದಿಲ್ಲ, ಅತ್ತೆ ಎರಡನೆಯ ಸಲ ಒಲೆ ಕದಲಿಸಲು ಬಿಡುವುದಿಲ್ಲ.

ಯಜಮಾನರಿಗೆ ಹೇಳಿದ್ದರೆ ಒಂದು ಕಾಗದ ಬರೆದು ಹಾಕುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ದಿನ ತಳ್ಳಿದೆ. ಅತ್ತೆಯ ಕಣ್ಣಿಗಿಂತ ನನ್ನ ಮರ್ಯಾದೆಯೇ ನನಗೆ ದೊಡ್ಡದಾಯಿತು. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಿಟಕಿ ಕೂರಿಸಲು ಗೊತ್ತುಮಾಡಿದ್ದ ದಿನ ಆಚಾರಿಯ ಗಾಡಿ ಬಂತು. ಅತ್ತೆ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಬೆನ್ನು ತಿರುಗಿಸಿ ಕೂತರು. ನಾನು ಹಿತ್ತಿಲ ಬಾಗಿಲಲ್ಲಿ ನಿಂತೆ. ಹಲಗೆ ಕಿತ್ತು ಹಾರೆ ಮುಟ್ಟಿಸಿದ್ದೇ ತಡ, ಹಳೆಯ ಚೌಕಟ್ಟು ಪುಡಿಪುಡಿಯಾಗಿ ಬಿತ್ತು. ಆಚಾರಿ ಹೊಸದನ್ನು ಎತ್ತಿ ಕಂಡಿಗೆ ಇಟ್ಟು ಕೊಡತಿಯಿಂದ ನಾಲ್ಕು ಏಟು ಹಾಕಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಬಿಟ್ಟು ನೋಡಿದರೆ ನಾಲ್ಕೂ ಕಡೆ ಬೆರಳು ತೂರುವಷ್ಟೂ ಸಂದಿಯಿಲ್ಲ.

"ಭಲೇ, ಒಳ್ಳೆ ಅಳತೆ" ಎಂದರು ಯಜಮಾನರು.

"ಅಮ್ಮಾರು ಅಳ್ದಿದ್ದು ಸರ್ಯಾಗೇ ಇತ್ತು ಸಾಮಿ. ಆದ್ರೆ ನಾರು ಅಸಿ. ನಮ್ಮೂರು ಸೇರೋ ಒತ್ಗೆ ಕುಗ್ಗೋಯ್ತದೆ ಅಂತ ಇಲ್ಲೇ ಬೇಲಿ ತಾವ ಎಲ್ಡು ಕಡ್ಡಿ ಮುರ್ದು, ನಾರಿನ್ ಸಮಕ್ಕೆ ಕತ್ತರ್ಸ್ಕೊಂಡ್ ಓದೆ. ಮಡಿ ಮನೆಗೋಳ್ಗೆ ಕೆಲ್ಸ ಮಾಡಿ ಮಾಡಿ ನಮ್ಗೂ ಬುದ್ದಿ ಬಂದದೆ" ಎಂದು ಆಚಾರಿ ನಕ್ಕರು.

ಇಪ್ಪತ್ತು ದಿನದಿಂದ ಎದೆಯ ಮೇಲಿದ್ದ ಭಾರ ಒಂದೇ ಸಲ ಇಳಿಯಿತು. ಆಚಾರಿ ಹೋದ ಮೇಲೆ ಅತ್ತೆಯ ಬಳಿ ಹೋಗಿ, ನಾರು ಕುಗ್ಗಿದ್ದು ನನಗೆ ಮೊದಲೇ ಗೊತ್ತಿತ್ತು, ಹೆದರಿ ಮುಚ್ಚಿಟ್ಟೆ ಎಂದು ಒಪ್ಪಿಕೊಂಡೆ. ಅವರು ಒಲೆಯ ಸೌದೆ ಸರಿಮಾಡಿದರು.

"ಮೊಳೆ ಮೇಲಿದ್ದದ್ದನ್ನ ನಾನೂ ಹಿಡಿದು ನೋಡಿದ್ದೆ ಕಣೇ. ಕಣ್ಣು ಕಾಣದಿದ್ದರೆ ಏನು, ಕೈಗೆ ತಿಳಿಯಲ್ವೆ? ನೂಲು ಬೇಡ, ನಾರು ತಗೋ ಅಂದೋಳು ನಾನು. ಯಾವ ಬಾಯಲ್ಲಿ ಹೇಳಲಿ?"

ಇಬ್ಬರೂ ಅಷ್ಟು ದಿನ ಒಂದೇ ಒಲೆಯ ಮುಂದೆ, ಒಂದೇ ಭಯವನ್ನು ಬಚ್ಚಿಟ್ಟುಕೊಂಡು ಕೂತಿದ್ದೆವು.

ಹೊಗೆ ಹೋಯಿತು, ಬೆಳಕು ಬಂತು. ಪಂಡಿತರ ಔಷಧಿಯೂ ಕೆಲಸ ಮಾಡತೊಡಗಿತು. ತಿಂಗಳೊಪ್ಪತ್ತು ಕಳೆದಿರಬೇಕು, ಒಂದು ಬೆಳಿಗ್ಗೆ ಅತ್ತೆ ಕಿಟಕಿಯ ಕೆಳಗೆ ಕೂತು, ನಾನು ಆರಿಸಿಟ್ಟಿದ್ದ ಅಕ್ಕಿಯ ಮೊರವನ್ನು ಮುಂದಕ್ಕೆ ಎಳೆದುಕೊಂಡರು. ಒಂದು ಕಲ್ಲು ತೆಗೆದರು. ಇನ್ನೊಂದು ತೆಗೆದರು. ಆಮೇಲೆ ಒಂದು ನೆಲ್ಲು.

"ಇಷ್ಟು ದಿನವೂ ಹೀಗೇನೇ ನೀನು ಅಕ್ಕಿ ಆರಿಸ್ತಿದ್ದದ್ದು?" ಎಂದು ಶುರುಮಾಡಿದವರು ನನ್ನ ತವರುಮನೆಯನ್ನೂ ಬಿಡಲಿಲ್ಲ. ನಾನು ತಲೆ ತಗ್ಗಿಸಿ ನಿಂತು ಪೂರಾ ಕೇಳಿದೆ. ಅಷ್ಟು ಸಂತೋಷವಾಗಿ ನಾನು ಎಂದೂ ಬೈಸಿಕೊಂಡಿಲ್ಲ.