ಕೋಲಿನ ಬುಡಕ್ಕೆ ಎರಡು ತೊಲೆ ಸೀಸ

ಹೋದ ತಿಂಗಳು ಶಿಗ್ಗಾಂವಿಯಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬೆನ್ನ ಹಿಂದೆ ಒಂದು ಬ್ಯಾಟರಿ ರಿಪೇರಿ ಅಂಗಡಿ. ಒಳಗೆ ಯಾರೋ ಸೀಸ ಕರಗಿಸುತ್ತಿದ್ದರು. ಒಂದಿಷ್ಟು ಸಿಹಿ, ಒಂದಿಷ್ಟು ಘಾಟು, ಗಂಟಲಿನ ಹಿಂದೆ ಹೋಗಿ ಕೂರುವ ವಾಸನೆ ಅದು. ಬಸ್ಸು ಬಂತು, ಹೋಯಿತು, ನಾನು ಹತ್ತಲೇ ಇಲ್ಲ. ಜೊತೆಗಿದ್ದ ಮೊಮ್ಮಗಳು ಗಾಬರಿಯಾಗಿ "ಅಜ್ಜಾ, ಆರಾಮ ಅದೀಯಿಲ್ಲೋ?" ಎಂದು ಭುಜ ಅಲುಗಿಸಿದಳು. ಆರಾಮಾಗಿಯೇ ಇದ್ದೆ. ಸವಣೂರಿನಲ್ಲಿ ಬಡಿಗೇರ ಕಾಕಾನ ಅಂಗಳದಲ್ಲಿದ್ದೆ, ಅಷ್ಟೇ.

ಐವತ್ತರ ದಶಕದ ಕೊನೆಯ ವರ್ಷಗಳವು. ಸವಣೂರಿನ ದವಾಖಾನೆಯಲ್ಲಿ ನಾನು ಕಂಪೌಂಡರ್. ಮಿಕ್ಸ್ಚರ್ ಕಲಸುವುದು, ಪುಡಿ ಕಟ್ಟುವುದು, ಡಾಕ್ಟರ್ ಸಾಹೇಬರು ಗಾಯ ಹೊಲಿಯುವಾಗ ರೋಗಿಯ ಕೈಕಾಲು ಹಿಡಿಯುವುದು ನನ್ನ ಕೆಲಸ. ಮದುವೆ ಆಗಿತ್ತು, ಮಕ್ಕಳಿನ್ನೂ ಆಗಿರಲಿಲ್ಲ. ಅವ್ವ ನನ್ನ ಜೊತೆಗೇ ಇದ್ದಳು. ನಮ್ಮ ಬಾಡಿಗೆ ಮನೆಯ ಗೋಡೆಗೆ ಗೋಡೆ ಹಚ್ಚಿ ಕಾಕಾನ ಮನೆ. ಸುತ್ತಲಿನ ಹಳ್ಳಿಗಳಿಗೆಲ್ಲ ನೊಗ, ಕೂರಿಗೆ, ಬಾಗಿಲು, ತೊಟ್ಟಿಲು ಮಾಡಿಕೊಡುವ ಬಡಿಗ. ಮಾತು ಕಡಿಮೆ. ಆಡಿದರೂ ಕಟ್ಟಿಗೆಯ ಜೊತೆ ಆಡಿದಂತೆ, ತಲೆ ಎತ್ತದೆ ಆಡುತ್ತಿದ್ದ.

ಆತನದೊಂದು ಪದ್ಧತಿ ಇತ್ತು. ಮಾಡಿದ ಸಾಮಾನನ್ನು ಯಾರಿಗೂ ಹಾಗೇ ಕೊಡುತ್ತಿರಲಿಲ್ಲ. ಮಾಡಿಸಿದವರು ತಾವೇ ಬರಬೇಕು, ಅದನ್ನು ಎತ್ತಿ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಹಿಡಿದು ತುದಿಯವರೆಗೆ ದಿಟ್ಟಿಸಬೇಕು, "ನೆಟ್ಟಗ ಅದ" ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಅದು ಅಂಗಳ ದಾಟುವುದು. ಗೌಡನಾದರೂ ಅಷ್ಟೇ, ಗೌಡನ ಮನೆಯ ಆಳಾದರೂ ಅಷ್ಟೇ. ನಾಳೆ ಹೊಲದಲ್ಲಿ ನಿಂತು ಬಡಿಗ ಡೊಂಕು ಮಾಡಿ ಕೊಟ್ಟ ಅನ್ನಬಾರದಲ್ಲ. ಚಕ್ಕಡಿಯ ಚೌಕಟ್ಟು ಎತ್ತಲಾರದ ಮುದುಕರು ನೆಲಕ್ಕೆ ಬಾಗಿ ಒಂದು ಕಣ್ಣು ಮುಚ್ಚಿ ನೋಡುವುದನ್ನು ಕಂಡು ನಾನೂ ನನ್ನ ಹೆಂಡತಿಯೂ ಗೋಡೆಯಾಚೆಯಿಂದ ಎಷ್ಟೋ ಸಲ ನಕ್ಕಿದ್ದೇವೆ.

ಊರಲ್ಲಿ ಒಂದು ಕ್ಲಬ್ಬಿತ್ತು. ಕ್ಲಬ್ಬೆಂದರೆ ಒಂದು ಉದ್ದನೆಯ ಹಜಾರ, ನಾಲ್ಕು ಬೆತ್ತದ ಕುರ್ಚಿ, ಮತ್ತು ನವಾಬರ ಕಾಲದ್ದೆಂದು ಹೇಳುತ್ತಿದ್ದ ಒಂದು ಬಿಲಿಯರ್ಡ್ಸ್ ಮೇಜು. ನಮ್ಮ ಡಾಕ್ಟರ್ ಸಾಹೇಬರಿಗೆ ಕೋಲಿನ ತುದಿಯಿಂದ ಗುಂಡು ಹೊಡೆದು ಉರುಳಿಸುವ ಆ ಆಟದ ಹುಚ್ಚು. ಐವತ್ತು ದಾಟಿದ ಮನುಷ್ಯ, ಕೈ ಚಳಕದವರು. ಚಾಕು ಹಿಡಿದರೂ ಕೋಲು ಹಿಡಿದರೂ ತಪ್ಪಿದವರಲ್ಲ. ಆಡುವ ಕೋಲು ಅವರ ಸ್ವಂತದ್ದು, ತಂದೆಯಿಂದ ಬಂದದ್ದು. ಅದರ ಬುಡದ ಒಂದು ಮಗ್ಗಲು ಚಪ್ಪಟೆ, ಯಾವಾಗಲೂ ಆ ಚಪ್ಪಟೆಯನ್ನು ಮೇಲೆ ಮಾಡಿಯೇ ಹಿಡಿಯುವುದು.

ಒಂದು ದಿನ ಆ ಕೋಲನ್ನು ನನ್ನ ಕೈಗೆ ಕೊಟ್ಟು, "ಯಾಕೋ ಹಗುರ ಅನಸ್ತದ. ಗುಂಡು ಹೊಡಿಯೂವಾಗ ಆಚೀಚಿ ಸರೀತದ. ನಿಮ್ಮ ಬಡಿಗ್ಯಾರಗ ಕೊಟ್ಟು ಬುಡಕ್ಕ ಒಂದೀಟ ಭಾರ ಹಾಕಿಸ್ಕೊಂಡ ಬಾ" ಎಂದರು.

ಕಾಕಾ ಕೋಲನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಗಿದ. ಎಲ್ಲಿ ನಿಲ್ಲುತ್ತದೆಂದು ನೋಡಿ ಅಲ್ಲಿಗೆ ಉಗುರಿನಿಂದ ಗೀರಿದ. ಬೈರಿಗೆಯಿಂದ ಬುಡಕ್ಕೆ ತೂತು ಕೊರೆದ. ಎರಡು ತೊಲೆ ಸೀಸವನ್ನು ದವಾಖಾನೆಯ ತಕ್ಕಡಿಯಲ್ಲಿ, ಕೆಳಗೆ ಕಾಗದ ಹಾಕಿ, ನಾನೇ ಯಾರಿಗೂ ಕಾಣದಂತೆ ತೂಗಿ ತಂದಿದ್ದೆ. ಅದನ್ನು ಕಬ್ಬಿಣದ ಸೌಟಿನಲ್ಲಿ ಇದ್ದಲಿನ ಮೇಲಿಟ್ಟು ಕರಗಿಸಿ ತೂತಿಗೆ ಸುರಿದ. ಚುಂಯ್ ಎಂದು ಮರ ಸುಟ್ಟಿತು. ಮೇಲೆ ಕಟ್ಟಿಗೆಯ ಬಿರಡೆ ಬಡಿದು ಉಜ್ಜಿ ಕೊಟ್ಟರೆ ಎಲ್ಲಿ ಕೊರೆದಿದ್ದ ಎಂಬುದೇ ಗೊತ್ತಾಗುತ್ತಿರಲಿಲ್ಲ. ದಿಟ್ಟಿಸಿ ಒಪ್ಪಿಕೊಳ್ಳುವ ಕೆಲಸವನ್ನು ಸಾಹೇಬರ ಪರವಾಗಿ ನಾನೇ ಮಾಡಿದೆ.

ಎಂಟು ದಿನಕ್ಕೆ ಕೋಲು ತಿರುಗಿ ಬಂತು. ಭಾರ ಜಾಸ್ತಿ ಆಯಿತಂತೆ. ಕಾಕಾ ಒಂದು ತೊಲೆ ಕೊರೆದು ತೆಗೆದ. ಮತ್ತೆ ಎಂಟು ದಿನಕ್ಕೆ, ಹಗುರ ಆಯಿತಂತೆ. ಅರ್ಧ ತೊಲೆ ಹಾಕಿದ. ಅಷ್ಟರಲ್ಲಿ ಕ್ಲಬ್ಬಿನಲ್ಲಿ ನಗೆಯಾಡತೊಡಗಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ವಕೀಲರೊಬ್ಬರು ಸಾಹೇಬರ ಬೆನ್ನ ಹಿಂದೆ ಅಂದದ್ದು ನನ್ನ ಕಿವಿಗೂ ಬಿತ್ತು.

ನನಗೆ ನಗು ಬರಲಿಲ್ಲ. ಯಾಕೆಂದರೆ ದವಾಖಾನೆಯಲ್ಲಿ ನಾನು ಬೇರೆ ಏನನ್ನೋ ಕಾಣುತ್ತಿದ್ದೆ. ಸಾಹೇಬರು ಅಳತೆಯ ಗ್ಲಾಸಿಗೆ ಔಷಧ ಹನಿಸಿದರೆ ನಾಲ್ಕರಲ್ಲಿ ಒಂದು ಹನಿ ಮೇಜಿಗೆ ಬೀಳುತ್ತಿತ್ತು. ಗಾಯಕ್ಕೆ ಹಚ್ಚಬೇಕಾದ ಅಯೋಡಿನ್ನು ಗಾಯದ ಪಕ್ಕದ ಒಳ್ಳೆಯ ಚರ್ಮಕ್ಕೆ ಹತ್ತುತ್ತಿತ್ತು. ಒಮ್ಮೆ ಕುಡಗೋಲು ತಾಗಿಸಿಕೊಂಡು ಬಂದ ರೈತನೊಬ್ಬನ ಕಾಲಿಗೆ ಹೊಲಿಗೆ ಹಾಕುವಾಗ ಸೂಜಿ ಬೆರಳಗಲ ಆಚೆ ಚುಚ್ಚಿತು. ಆತ ಕೂಗಿಕೊಂಡ. "ಅಲ್ಲಾಡಬ್ಯಾಡಲೇ" ಎಂದು ಸಾಹೇಬರು ಗದರಿದರು. ಆ ಕಾಲನ್ನು ಹಿಡಿದಿದ್ದವನು ನಾನು. ಆತ ಅಲ್ಲಾಡಿರಲಿಲ್ಲ...

ಹೇಳಬೇಕಿತ್ತು. ಆದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ನಾನು ಕಂಪೌಂಡರ್, ಅವರು ಸಾಹೇಬರು. ನನಗೆ ನೌಕರಿ ಕೊಡಿಸಿದವರೇ ಅವರು. ಅದಕ್ಕಿಂತ ಹೆಚ್ಚಾಗಿ, ಅವ್ವನ ಕುತ್ತಿಗೆಯ ಎಡಕ್ಕೆ ನೆಲ್ಲಿಕಾಯಿ ಗಾತ್ರದ ಒಂದು ಗಂಟು ಎದ್ದಿತ್ತು. ಅದನ್ನು ತಾವೇ ಕೊಯ್ದು ತೆಗೆಯುತ್ತೇನೆಂದು ಸಾಹೇಬರು ಪ್ರೀತಿಯಿಂದ ಹೇಳಿದ್ದರು. ಗುರುವಾರ ಎಂದು ದಿನ ಗೊತ್ತಾಗಿತ್ತು. ಗಂಟಿನ ಮಗ್ಗಲಿಗೇ ದೊಡ್ಡ ರಕ್ತನಾಳ ಮಿಡಿಯುವುದು ಕಣ್ಣಿಗೆ ಕಾಣುತ್ತಿತ್ತು. ನಿಮ್ಮ ಕೈಗೆ ಅವ್ವನನ್ನು ಕೊಡಲು ಅಂಜಿಕೆ ಬರುತ್ತದೆ ಎಂದು ಅವರಿಗೆ ಯಾವ ಬಾಯಿಂದ ಹೇಳಲಿ? ಹೇಳದೆ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯೋಣವೆಂದರೆ ಅದಕ್ಕೂ ಅವರ ಚೀಟಿಯೇ ಬೇಕು. ನಾನು ಮಾಡಿದ್ದೇನು ಗೊತ್ತೇ? ತಪ್ಪೆಲ್ಲ ಕೋಲಿನದೇ ಎಂದು ನಂಬಲು ನೋಡಿದೆ. ಈ ಸಲ ತೂಕ ಸರಿಹೋದರೆ ಸಾಹೇಬರ ಗುಂಡು ಗುರಿಗೆ ಹತ್ತುತ್ತದೆ, ಗುಂಡು ಹತ್ತಿದರೆ ಕೈಯೂ ಸರಿ ಇದೆ ಎಂದರ್ಥ, ಕೈ ಸರಿ ಇದ್ದರೆ ಅವ್ವ ಉಳಿಯುತ್ತಾಳೆ... ಹೀಗೆ ಲೆಕ್ಕ ಹಾಕಿಕೊಂಡು ಸೀಸ ತೂಗುತ್ತಿದ್ದೆ. ನಗಬೇಡಿ. ಅಂಜಿದವನ ಬುದ್ಧಿ ಹಾಗೇ ಓಡುತ್ತದೆ.

ನಾಲ್ಕನೆಯ ಸಲ ಕೋಲು ಒಯ್ದದ್ದು ಸೋಮವಾರ. ಕಾಕಾ ಅದನ್ನು ಬೆರಳ ಮೇಲೆ ತೂಗಲಿಲ್ಲ. ತಿರುವಿ ತುದಿ ನೋಡಿದ. ಗುಂಡಿಗೆ ತಾಗುವ ಆ ತುದಿಗೆ ಚರ್ಮದ ಸಣ್ಣ ಬಿಲ್ಲೆ ಇರುತ್ತದೆ. ಬಹಳ ಹೊತ್ತು ಅದನ್ನೇ ನೋಡಿ, ಕೋಲನ್ನು ಗೋಡೆಗೆ ಆನಿಸಿ ಇಟ್ಟ.

"ಈ ಸರ್ತಿ ನಾ ಸೀಸ ಹಾಕಂಗಿಲ್ರಿ ಕಂಪೌಂಡರ್ರ. ಕೋಲಿನ ಮಾಲಕರು ಬಂದು ತಾವ ನೋಡಿ ಒಪ್ಪಲಿ."

"ಸಾಹೇಬ್ರು ನಿಮ್ಮ ಅಂಗಳಕ್ಕ ಬರ್ತಾರೇನ್ರಿ ಕಾಕಾ?"

"ಯಾಕ, ಅವರಿಗೇನ ಕಾಲಿಲ್ಲೇನು?" ಎಂದು ಆತ ಕಟ್ಟಿಗೆ ಕೆತ್ತುವ ಬಾಚಿಯನ್ನು ಎತ್ತಿಕೊಂಡ.

ಆ ಮಾತನ್ನು ಸಾಹೇಬರಿಗೆ ಎಷ್ಟು ಬೆಣ್ಣೆ ಹಚ್ಚಿ ಹೇಳಿದೆನೋ ನನಗೇ ನೆನಪಿಲ್ಲ. ಸಿಟ್ಟಿಗೇಳುತ್ತಾರೆ ಎಂದುಕೊಂಡಿದ್ದೆ. ಅವರು ನಕ್ಕರು. ಮರುದಿನ ಸಂಜೆ ನಾಲ್ಕು ಗಂಟೆಗೆ, ದವಾಖಾನೆ ಮತ್ತೆ ತೆರೆಯುವ ಮುಂಚೆ, ಕೋಟು ಹಾಕಿಕೊಂಡೇ ಬಂದರು. ಕಾಕಾನ ಹೆಂಡತಿ ಕಂಬಳಿ ಹಾಸಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಏನಪಾ, ನನ್ನನ್ನ ಕರಸೀಯಂತ?"

"ಹೌದ್ರಿ ಸಾಹೇಬ್ರ. ನಮ್ಮಲ್ಲಿ ಹಿಂಗ ಒಂದು ರೂಢಿ ಐತಿ. ಕಣ್ಣಿಗೆ ಹಿಡಿದು ನೋಡ್ರಿ. ನೆಟ್ಟಗ ಅದ ಅಂದ್ರ ಒಯ್ರಿ."

ಸಾಹೇಬರು ಆಟವಾಡುವವರಂತೆ ಕೋಲೆತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು. ಪಶ್ಚಿಮದ ಬಿಸಿಲು ಅಂಗಳದ ತುಂಬ ಸುರಿಯುತ್ತಿತ್ತು.

"ತುದಿ ಕಾಣವಲ್ದು. ಬೆಳಕ ಕಡಿಮಿ ಅದ" ಎಂದರು.

"ಇರಬೇಕ್ರಿ" ಎಂದ ಕಾಕಾ. ದನಿ ಬಹಳ ಮೆತ್ತಗಿತ್ತು. "ಆ ಕಣ್ಣ ಮುಚ್ಚಿ ಈ ಕಣ್ಣಿಂದ ನೋಡ್ರಿ ಬೇಕಾದ್ರ."

ಅವರು ಬಲಗಣ್ಣು ಮುಚ್ಚಿದರು. ನೋಡಿದರು. ಮತ್ತೆ ಎಡಗಣ್ಣು ಮುಚ್ಚಿದರು. ಮತ್ತೊಮ್ಮೆ ಬದಲಿಸಿದರು. ಎಡಗಣ್ಣಿಗೆ ಕಂಡ ತುದಿ ಬಲಗಣ್ಣಿಗೆ ಕಾಣಲಿಲ್ಲ. ಊರಿನ ಅರ್ಧ ಜನರ ಕಣ್ಣಿಗೆ ಟಾರ್ಚ್ ಬಿಟ್ಟು ಪೊರೆ ಬಂದಿದೆ ಎಂದು ಹೇಳಿದ ಮನುಷ್ಯ, ತನ್ನ ಕಣ್ಣಿನ ಪೊರೆಯನ್ನು ಬಡಿಗನ ಅಂಗಳದಲ್ಲಿ ಕಂಡುಕೊಂಡರು. ಕೋಲು ಇಳಿಸಿ ಕಂಬಳಿಯ ಮೇಲೆ ಕುಳಿತು ನೀರು ಕೇಳಿದರು. ಕೊಟ್ಟ ತಂಬಿಗೆಯನ್ನು ಅರ್ಧ ಖಾಲಿ ಮಾಡಿ ಕೆಳಗಿಟ್ಟರು.

"ನಿನಗ ಹೆಂಗ ಗೊತ್ತಾತು?"

"ನನಗೇನ ಗೊತ್ತ್ರಿ ಸಾಹೇಬ್ರ, ಕೋಲ ಹೇಳ್ತು" ಎಂದು ಕಾಕಾ ಚರ್ಮದ ಬಿಲ್ಲೆ ತೋರಿಸಿದ. ಅದು ಒಂದೇ ಮಗ್ಗಲಿಗೆ ಸವೆದಿತ್ತು. ಗುಂಡಿನ ನಡುವಿಗೆ ಹೊಡೆಯುತ್ತಿದ್ದೇನೆ ಎಂದು ತಿಳಿದವರು ದಿನಾಲೂ ಅದರ ಅಂಚಿಗೆ ಹೊಡೆಯುತ್ತಿದ್ದರು. ಒಂದೇ ಕಡೆ ಹಿಡಿಯುವ ಕೋಲಾದ್ದರಿಂದ ತಪ್ಪೂ ಒಂದೇ ಕಡೆ ಸವೆದು ಉಳಿದಿತ್ತು.

ಸಾಹೇಬರು ನನ್ನತ್ತ ತಿರುಗಿದರು. ನಾನು ನೆಲ ನೋಡಿದೆ.

"ಗುರುವಾರ ನಿಮ್ಮವ್ವಂದು ಅಲ್ಲ?"

"ಹೌದ್ರಿ."

ಕಾಕಾನ ಕಿವಿಯ ಮೇಲಿದ್ದ ಸೀಸದ ಕಡ್ಡಿಯನ್ನು ಇಸಿದುಕೊಂಡು, ಜೇಬಿನಿಂದ ಕಾಗದ ತೆಗೆದು, ಅಲ್ಲೇ ಹಲಗೆಯ ಮೇಲಿಟ್ಟು ಹುಬ್ಬಳ್ಳಿಯ ದೊಡ್ಡ ಡಾಕ್ಟರರಿಗೆ ಚೀಟಿ ಬರೆದರು. "ಗುರುವಾರ ಅವ್ವನ್ನ ಹುಬ್ಬಳ್ಳಿಗೆ ಕರ್ಕೊಂಡ ನಡಿ. ನಾನೂ ಬರ್ತೇನಿ, ನನ್ನ ಕಣ್ಣ ತೋರಿಸ್ಬೇಕು" ಎಂದರು. ಆ ಚೀಟಿ ಕೈಗೆ ಬಂದಾಗ ಆದ ಸಮಾಧಾನವನ್ನು ಹೇಗೆ ಹೇಳಲಿ... ಮನೆಗೆ ಹೋಗಿ ಅಡುಗೆಮನೆಯಲ್ಲಿ ಕುಳಿತು ಅತ್ತೆ. ಹೆಂಡತಿ ಏನೋ ಕೆಟ್ಟ ಸುದ್ದಿಯೇ ಬಂದಿದೆ ಎಂದು ತಾನೂ ಅಳಲು ಸುರುಮಾಡಿದಳು.

ಗುರುವಾರ ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ಬಂಕಾಪುರ ದಾಟುತ್ತಲೇ ಅವ್ವ ಬುತ್ತಿ ಬಿಚ್ಚಿದಳು. ಸಾಹೇಬರು ಬ್ಯಾಡ ಬ್ಯಾಡ ಎಂದರೂ ಕೇಳದೆ ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿ ಉದುರಿಸಿ, "ತಗೋರಿ ಡಾಕ್ಟರಪ್ಪಾ. ನೀವೂ ರೋಗಿ, ನಾನೂ ರೋಗಿ. ಇನ್ಯಾತರ ಸಂಕೋಚ" ಎಂದು ಕೈಗೇ ಇಟ್ಟಳು. ಸಾಹೇಬರು ಜೋರಾಗಿ ನಕ್ಕರು. ಎಷ್ಟೋ ವಾರಗಳ ಮೇಲೆ ನಾನೂ ನಕ್ಕೆ.

ಅವ್ವನ ಗಂಟು ಸುಖವಾಗಿ ಹೊರಬಂತು. ನಾಳಕ್ಕೆ ಅಂಟಿಕೊಂಡೇ ಬೆಳೆದಿತ್ತಂತೆ, ಕೂದಲೆಳೆಯಷ್ಟು ಕೈ ತಪ್ಪಿದ್ದರೂ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ನಮ್ಮ ಸಾಹೇಬರು ಪೊರೆ ತೆಗೆಸಿಕೊಂಡಿದ್ದ ಕಣ್ಣಿನ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಆಮೇಲೆ ಅವರು ದಪ್ಪ ಚಷ್ಮಾ ಹಾಕಿದರು, ಚಾಕು ಮಾತ್ರ ಮತ್ತೆ ಮುಟ್ಟಲಿಲ್ಲ. ಆಟ ಬಿಡಲಿಲ್ಲ. ಕಾಕಾ ಬುಡದ ಸೀಸವನ್ನೆಲ್ಲ ತೆಗೆದು ಕೋಲನ್ನು ಮೊದಲಿನಂತೆ ಮಾಡಿಕೊಟ್ಟ. ಅವರು ಸೋಲುತ್ತಲೇ ಇದ್ದರು, ಕೋಲನ್ನು ಬೈಯುವುದು ಬಿಟ್ಟಿದ್ದರು. ಅವ್ವ ಸವಣೂರಿನ ವೀಳ್ಯದ ಎಲೆ ಮೆಲ್ಲುತ್ತ ಇನ್ನೂ ಇಪ್ಪತ್ತು ವರ್ಷ ಬಾಳಿದಳು.

ಹುಬ್ಬಳ್ಳಿಯಿಂದ ಬಂದ ಮರುದಿನ ತೆಂಗಿನಕಾಯಿ, ಸಕ್ಕರೆ ಹಿಡಿದು ಕಾಕಾನ ಅಂಗಳಕ್ಕೆ ಹೋಗಿದ್ದೆ. ಆತ ಹಲಗೆ ಕೆತ್ತುತ್ತಿದ್ದ. ತಲೆ ಎತ್ತದೆಯೇ ಕೇಳಿದ: "ಕಂಪೌಂಡರ್ರ, ಸಾಹೇಬ್ರ ಗುರಿ ತಪ್ಪೂದು ನಿಮಗ ಮೊದಲ ಗೊತ್ತಿತ್ತಲ್ರಿ?"

"ಇಲ್ರಿ ಕಾಕಾ. ನನಗೆಲ್ಲಿ ಗೊತ್ತಾಗಬೇಕು" ಎಂದೆ.

"ಹೂಂ" ಎಂದ. ಕೆತ್ತುತ್ತಲೇ ಇದ್ದ. ಅದಾದ ಮೇಲೂ ಆತ ನಮ್ಮೊಡನೆ ಮೊದಲಿನಂತೆಯೇ ಇದ್ದ. ಹಬ್ಬಕ್ಕೆ ಹೋಳಿಗೆ ಬರುತ್ತಿತ್ತು, ಅವ್ವನ ಆರೋಗ್ಯ ಕೇಳುತ್ತಿದ್ದ. ಎರಡು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಾಗ ತೊಟ್ಟಿಲು ಮಾಡಿಕೊಟ್ಟ. ನಾನು ಅದರ ಕಾಲು ದಿಟ್ಟಿಸಲೆಂದು ಬಾಗಿ ಒಂದು ಕಣ್ಣು ಮುಚ್ಚಿದೆ. "ನೀವ ನೋಡೂದೇನ ಬ್ಯಾಡ್ರಿ, ಒಯ್ರಿ" ಎಂದ. ಊರಿನ ಪ್ರತಿಯೊಬ್ಬರಿಂದಲೂ ಒಪ್ಪಿಗೆಯ ಮಾತು ಆಡಿಸಿಕೊಂಡವನಿಗೆ ನನ್ನ ಮಾತು ಬೇಕಾಗಿರಲಿಲ್ಲ. ಆತ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಅರವತ್ತರ ದಶಕದಲ್ಲಿ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಒಮ್ಮೆ ಸವಣೂರಿಗೆ ಹೋಗಿ ಆವತ್ತು ನುಂಗಿದ ಆ ಮಾತೊಂದು ಕಾಕಾನಿಗೆ ಹೇಳಿ ಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಇಂದು ನಾಳೆ ಎನ್ನುವಷ್ಟರಲ್ಲಿ ಕಾಕಾ ತೀರಿಕೊಂಡ ಸುದ್ದಿ ಬಂತು. ಅದೂ ಮೂರು ದಿನ ತಡವಾಗಿ... ಮಣ್ಣಿಗೂ ಹೋಗಲಾಗಲಿಲ್ಲ.

ಆವತ್ತು ಶಿಗ್ಗಾಂವಿಯಲ್ಲಿ ಎರಡನೆಯ ಬಸ್ಸು ಬರುವಷ್ಟರಲ್ಲಿ ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಆಕೆ ಎಲ್ಲ ಕೇಳಿ, "ಅಂದ್ರ ನಿನಗ ಗೊತ್ತಿತ್ತು, ಹೌದಿಲ್ಲೋ ಅಜ್ಜಾ?" ಎಂದಳು. ಅವ್ವನಿಗೆ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ.

"ಹೌದವಾ, ಗೊತ್ತಿತ್ತು" ಎಂದೆ. ಅರವತ್ತು ವರ್ಷದಿಂದ ಗಂಟಲಲ್ಲಿ ಕುಳಿತಿದ್ದ ಮಾತು ಇಷ್ಟು ಸಣ್ಣದು ಎಂದು ನನಗೇ ನಂಬಿಕೆ ಬರಲಿಲ್ಲ. ಕೇಳಬೇಕಾದವನು ಮಾತ್ರ ಇರಲಿಲ್ಲ.